ಗಣಕೋದ್ಯಮವೂ ನಮ್ಮ ರಾಜಧಾನಿಯೂ

ಕಳೆದ ವರ್ಷದ ಬೇಸಿಗೆಯಲ್ಲಿ ಒಂದು ಸಂಜೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ನಮ್ಮ ಮನೆಗೆ ಬಂದರು. ಕೃಷ್ಣೆಯ ಹಿನ್ನೀರಿನಲ್ಲಿ ಹುಟ್ಟಿದ ಮನೆಯನ್ನೂ ಉತ್ತ ಹೊಲವನ್ನೂ ಕಳೆದುಕೊಂಡು, ಬಂದ ಪರಿಹಾರದ ಹಣದಲ್ಲಿ ಎತ್ತರದ ನೆಲದ ಮೇಲೆ ನಾಲ್ಕು ಎಕರೆ ಎರೆಭೂಮಿಯನ್ನು ಕೊಂಡು ಬದುಕು ಕಟ್ಟಿದವರು ಅವರು. ಮಗ ಎರಡನೆಯ ಪಿ.ಯು.ಸಿ. ಪರೀಕ್ಷೆ ಬರೆದಿದ್ದನು. ಅವನನ್ನು ಬೆಂಗಳೂರಿನ ಖಾಸಗಿ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಸೇರಿಸಬೇಕೆಂದು ಮನೆಯವರೆಲ್ಲರ ಆಸೆ. ಆದರೆ ಅಲ್ಲಿ ಕೇಳಿದಷ್ಟು ಹಣ ಕೊಡಬೇಕಾದರೆ ಎರಡು ಎಕರೆ ಮಾರಬೇಕು. “ಮಾರ್ಲೋ ಬ್ಯಾಡೋ, ನೀವ ಹೇಳ್ರಿ ಮಾಸ್ತರ. ಕಂಪ್ಯೂಟರ್ ಕಲತರ ಹೊಲಕ್ಕಿಂತ ಹೆಚ್ಚು ಬೆಳಿ ಬರತೈತಿ ಅಂತಾರ” ಎಂದು ಅವರು ಕೇಳಿದರು.

ಮೂವತ್ತು ವರುಷಗಳ ಕಾಲ ಕಾಗುಣಿತವನ್ನೂ ಸಂಧಿ ಸಮಾಸಗಳನ್ನೂ ಕಲಿಸಿಕೊಂಡು ಬಂದ ಕನ್ನಡ ಪಂಡಿತನಾದ ನಾನು ಈ ಪ್ರಶ್ನೆಗೆ ಥಟ್ಟನೆ ಏನು ಹೇಳಬಲ್ಲೆ? ಎಂಟು ದಿನ ಅವಕಾಶ ಬೇಡಿದೆನು. ಆ ಎಂಟು ದಿನಗಳಲ್ಲಿಯೂ, ಆಮೇಲೆಯೂ, ಬಲ್ಲವರನ್ನು ಕೇಳಿ, ಓದಿ, ಯೋಚಿಸಿ ತಿಳಿದುಕೊಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ. ಬೆಂಗಳೂರಿನಿಂದ ಸುಮಾರು ಐದುನೂರು ಕಿಲೋಮೀಟರ್ ದೂರದ ಆಲಮಟ್ಟಿಯಲ್ಲಿ ಕುಳಿತು ಆ ನಗರದ ಮಾತನ್ನೇಕೆ ಆಡಬೇಕೆಂದು ಯಾರಾದರೂ ಕೇಳಬಹುದು. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಮಗನೋ ಮಗಳೋ ಅಳಿಯನೋ ಬೆಂಗಳೂರಿನಲ್ಲಿಲ್ಲದ ಓಣಿ ಇಂದು ಅಪರೂಪ. ಅಲ್ಲಿ ಬೀಸಿದ ಗಾಳಿಗೆ ಇಲ್ಲಿಯ ಬಾಗಿಲು ಬಡಿದುಕೊಳ್ಳುತ್ತದೆ. ಆದುದರಿಂದ ಇದು ನಮ್ಮದೇ ಮಾತು.

ಮೊದಲು ಶಬ್ದದಿಂದಲೇ ಹೊರಡೋಣ. ಪಂಡಿತನ ಚಾಳಿಯನ್ನು ನೀವು ಮನ್ನಿಸಬೇಕು. ‘ತಂತ್ರ’ ಎಂಬ ಶಬ್ದವು ಹರಡು, ಎಳೆದು ಚಾಚು ಎಂಬ ಅರ್ಥದ ‘ತನ್’ ಧಾತುವಿನಿಂದ ಬಂದುದು. ಅದರ ಹಳೆಯ ಅರ್ಥ ಮಗ್ಗದ ಮೇಲೆ ಚಾಚಿದ ಹಾಸುನೂಲು. ಇಂಗ್ಲಿಷಿನ ‘ಟೆಕ್ನಾಲಜಿ’ಯ ಮೂಲವಾದ ಗ್ರೀಕ್ ಶಬ್ದವಾದರೂ, ಮರವನ್ನು ಕೆತ್ತುವ ಬಡಗಿಯನ್ನು ಹೇಳುವ ನಮ್ಮ ‘ತಕ್ಷ’ ಶಬ್ದದ ದಾಯಾದಿಯೇ. ಇನ್ನು ‘ಗಣಕ’ನೆಂದರೆ ಮೊದಲಿಗೆ ಯಂತ್ರವಲ್ಲ, ಲೆಕ್ಕ ಹಾಕುವ ಮನುಷ್ಯ, ಜೋಯಿಸ, ಕರಣಿಕ. ಇಂಗ್ಲಿಷಿನಲ್ಲಿಯೂ ‘ಕಂಪ್ಯೂಟರ್’ ಎಂಬುದು ಒಂದು ಕಾಲದಲ್ಲಿ ಕುಳಿತು ಲೆಕ್ಕ ಮಾಡುವ ನೌಕರನ ಹೆಸರಾಗಿದ್ದಿತು. ಮನುಷ್ಯನ ಹೆಸರು ಯಂತ್ರಕ್ಕೆ ಬಂದಿತು. ಆದರೂ ಯಂತ್ರದ ಹಿಂದೆ ಮನುಷ್ಯನಿದ್ದೇ ಇದ್ದಾನೆ. ನೂಲು, ಮಗ್ಗ, ನೇಕಾರ ಇವು ಮೂರೂ ಎಲ್ಲಿಂದ ಬಂದವು, ಬಟ್ಟೆ ಯಾರ ಮೈಮೇಲೆ ಹೋಯಿತು ಎಂದು ಕೇಳಿದರೆ ಉದ್ಯಮದ ಗುಟ್ಟು ತಿಳಿಯುತ್ತದೆ.

ಒಂದು ತಂತ್ರವು ಊರನ್ನು ಹೇಗೆ ಬದಲಿಸುತ್ತದೆಂಬುದನ್ನು ನಮ್ಮ ಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ೧೯೬೪ರ ಮೇ ೨೨ರಂದು ಲಾಲಬಹಾದ್ದೂರ ಶಾಸ್ತ್ರಿಗಳು ಇಲ್ಲಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ೨೦೦೬ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಅರ್ಪಿಸಿದರು. ೨೬ ಬಾಗಿಲುಗಳು, ೫೧೯.೬೦ ಮೀಟರ್ ಮಟ್ಟದವರೆಗೆ ೧೨೩ ಟಿ.ಎಂ.ಸಿ. ನೀರು, ೨೯೦ ಮೆಗಾವಾಟ್ ವಿದ್ಯುತ್ತು. ಇವಿಷ್ಟು ಲೆಕ್ಕದಲ್ಲಿ ಬರುವ ಸಂಗತಿಗಳು. ಬಾಗಲಕೋಟೆಯ ಹಳೆಯ ಓಣಿಗಳು ನೀರಿಗಿಳಿದುದು, ಜನ ನವನಗರದ ಸೆಕ್ಟರುಗಳಿಗೆ ಹೋಗಿ ಅಂಕೆಗಳಿಂದ ತಮ್ಮ ಮನೆಯ ಗುರುತು ಹೇಳಲು ಕಲಿತುದು, ಹಳ್ಳಿಯ ಮುದುಕಿಯ ಬಾಯಲ್ಲಿಯೂ ‘ಕ್ಯೂಸೆಕ್ಸು’ ಬಂದುದು, ಇವು ಲೆಕ್ಕಕ್ಕೆ ಬಾರದ ಸಂಗತಿಗಳು. ಅಣೆಕಟ್ಟು ಬಂದಾಗ ನೀರು ಮಾತ್ರ ಬರಲಿಲ್ಲ. ಹೊಸ ನುಡಿ, ಹೊಸ ನೆರೆ, ಹೊಸ ಆಸೆ, ಹೊಸ ಜಗಳ ಎಲ್ಲವೂ ಬಂದವು. ಗಣಕೋದ್ಯಮವೂ ಅಂತಹುದೇ ಒಂದು ಅಣೆಕಟ್ಟು. ಅದರ ಹಿನ್ನೀರು ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಈ ಉದ್ಯಮವು ಬೆಂಗಳೂರಿಗೇ ಏಕೆ ಬಂದಿತು? ಅಲ್ಲಿಯ ತಂಪು ಹವೆಗೆ ಮರುಳಾಗಿ ಬಂದಿತೆಂದು ಹೇಳುವವರುಂಟು. ಹವೆಯೊಂದರಿಂದಲೇ ಉದ್ಯಮ ಬರುವಂತಿದ್ದರೆ ಮಡಿಕೇರಿಗೆ ಬರಬೇಕಾಗಿದ್ದಿತು. ನಿಜವಾದ ಕಾರಣ ಹಳೆಯದು. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. ೧೯೦೫ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳಲ್ಲಿ ಬೆಳಗಿತು. ೧೯೦೯ರಲ್ಲಿ ಜಮಶೇಟಜಿ ಟಾಟಾ ಅವರ ದಾನದಿಂದಲೂ ಮೈಸೂರು ಅರಸರು ಕೊಟ್ಟ ೩೭೧ ಎಕರೆ ಭೂಮಿಯಿಂದಲೂ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. ೧೯೧೭ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಕಾಲೇಜನ್ನು ತೆರೆದರು. ೧೯೪೦ರಲ್ಲಿ ವಾಲಚಂದ ಹಿರಾಚಂದರು ಮೈಸೂರು ಸರಕಾರದ ನೆರವಿನಿಂದ ವಿಮಾನ ಕಾರಖಾನೆಯನ್ನು ಆರಂಭಿಸಿದರು. ಸ್ವಾತಂತ್ರ್ಯ ಬಂದ ಮೇಲೆ ೧೯೪೮ರಲ್ಲಿ ದೂರವಾಣಿ ಕಾರಖಾನೆ, ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದವು. ಆಮೇಲೆ ಬಾಹ್ಯಾಕಾಶ ಸಂಸ್ಥೆ. ೧೯೭೫ರಲ್ಲಿ ಆಕಾಶಕ್ಕೆ ಹೋದ ‘ಆರ್ಯಭಟ’ ಉಪಗ್ರಹ ಸಿದ್ಧವಾದುದು ಬೆಂಗಳೂರಿನ ಪೀಣ್ಯದಲ್ಲಿ.

೧೯೮೧ರ ‘ಆಪಲ್’ ಉಪಗ್ರಹದ ಚಿತ್ರವನ್ನು ನೀವು ನೋಡಿರಬಹುದು. ಎತ್ತಿನ ಗಾಡಿಯ ಮೇಲೆ ಉಪಗ್ರಹವು ಕುಳಿತಿದೆ. ಅದನ್ನು ಕಂಡು ನಮ್ಮ ಬಡತನವೆಂದು ನಕ್ಕವರುಂಟು. ಸಂಗತಿ ಬೇರೆ. ಉಪಗ್ರಹದ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸಬೇಕಾಗಿದ್ದಿತು. ಕಬ್ಬಿಣದ ಲಾರಿಯ ಮೇಲಿಟ್ಟರೆ ಲೋಹವು ರೇಡಿಯೋ ಅಲೆಗಳನ್ನು ಕೆಡಿಸುತ್ತದೆ. ಮರದ ಗಾಡಿ ಕೆಡಿಸುವುದಿಲ್ಲ. ಆದುದರಿಂದ ವಿಜ್ಞಾನಿಗಳು ಎತ್ತಿನ ಗಾಡಿಯನ್ನು ತರಿಸಿದರು. ನಮ್ಮ ಊರಿನ ಗಾಡಿ ಎಲ್ಲಿ ಯಾವ ಕೆಲಸಕ್ಕೆ ಬಂದೀತೆಂಬುದನ್ನು ಯಾರೂ ಮೊದಲೇ ಹೇಳಲಾರರು.

ಹೀಗೆ ಎಪ್ಪತ್ತು ಎಂಬತ್ತು ವರುಷಗಳ ಕಾಲ ಸರಕಾರ, ವಿದ್ಯಾಸಂಸ್ಥೆ, ಕಾರಖಾನೆ ಈ ಮೂರೂ ಸೇರಿ ಬೆಂಗಳೂರಿನಲ್ಲಿ ಬಲ್ಲವರ ಒಂದು ಪಡೆಯನ್ನು ನಿರ್ಮಿಸಿದವು. ಹಾಸುನೂಲು ಸಿದ್ಧವಾಗಿದ್ದಿತು. ೧೯೭೬ರಲ್ಲಿ ರಾಜ್ಯ ಸರಕಾರವು ಕಿಯೋನಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರದ ಬಳಿ ‘ಎಲೆಕ್ಟ್ರಾನಿಕ್ಸ್ ಸಿಟಿ’ ಹುಟ್ಟಿತು. ೧೯೮೧ರಲ್ಲಿ ಪುಣೆಯಲ್ಲಿ ಆರಂಭವಾದ ಇನ್ಫೋಸಿಸ್ ೧೯೮೩ರಲ್ಲಿ ಬೆಂಗಳೂರಿಗೆ ಬಂದಿತು. ೧೯೮೫ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದು, ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ತನ್ನ ದೇಶಕ್ಕೆ ಕಳುಹಿಸತೊಡಗಿತು. ೧೯೯೧ರಲ್ಲಿ ದೇಶದ ಆರ್ಥಿಕ ನೀತಿ ಬದಲಾಯಿತು. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ ಆದಾಯಕರದ ವಿನಾಯತಿಯೂ ದೊರೆತು, ಅದು ೨೦೧೧ರ ಮಾರ್ಚಿಯವರೆಗೆ ನಡೆಯಿತು.

ಈ ವ್ಯಾಪಾರದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಇಲ್ಲಿ ಕಚ್ಚಾ ಸರಕಿಲ್ಲ, ಗೂಡ್ಸ್ ಗಾಡಿಯಿಲ್ಲ, ಬಂದರಿಲ್ಲ. ಯಂತ್ರಕ್ಕೆ ಏನು ಮಾಡಬೇಕೆಂದು ಹೇಳುವ ಆಜ್ಞೆಗಳ ಸರಮಾಲೆಯೇ ಸಾಫ್ಟ್‌ವೇರು. ಬರೆದುದನ್ನು ತಂತಿಯ ಮೂಲಕವೋ ಆಕಾಶದ ಮೂಲಕವೋ ಕಳುಹಿಸಿದರೆ ಸರಕು ತಲುಪಿದಂತೆ. ಅಮೆರಿಕದಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು. ಅಲ್ಲಿಯವರು ಸಂಜೆ ಕೊಟ್ಟ ಕೆಲಸವನ್ನು ಇಲ್ಲಿಯವರು ಮಾಡಿ ಮುಗಿಸಿದರೆ, ಅಲ್ಲಿಯವರು ಬೆಳಗ್ಗೆ ಎದ್ದು ನೋಡುವಾಗ ಸಿದ್ಧ. ಕೂಲಿಯೂ ಅಲ್ಲಿಗಿಂತ ಬಹಳ ಕಡಿಮೆ. ೨೦೦೦ನೆಯ ಇಸವಿ ಸಮೀಪಿಸಿದಾಗ ಒಂದು ವಿಚಿತ್ರ ಕಷ್ಟ ಬಂದಿತು. ಹಳೆಯ ಯಂತ್ರಗಳಲ್ಲಿ ಜಾಗ ಉಳಿಸಲೆಂದು ಇಸವಿಯ ಕೊನೆಯ ಎರಡು ಅಂಕೆಗಳನ್ನು ಮಾತ್ರ ಬರೆದಿಟ್ಟಿದ್ದರು. ‘೯೯’ರ ಮುಂದೆ ‘೦೦’ ಬಂದರೆ ಯಂತ್ರವು ಅದನ್ನು ೧೯೦೦ ಎಂದು ತಿಳಿದು ಬ್ಯಾಂಕಿನ ಬಡ್ಡಿಯನ್ನೂ ವಿಮೆಯ ಕಂತನ್ನೂ ಕೆಡಿಸೀತೆಂದು ಜಗತ್ತು ಹೆದರಿತು. ಕೋಟಿಗಟ್ಟಲೆ ಸಾಲುಗಳನ್ನು ಓದಿ ತಿದ್ದುವ ಕೆಲಸಕ್ಕೆ ಇಂಗ್ಲಿಷೂ ಗಣಿತವೂ ಬಲ್ಲ ತರುಣರು ಬೇಕಾದರು. ಅವರು ಭಾರತದಲ್ಲಿ ದೊರೆತರು. ಕೆಲವೇ ವರುಷಗಳಲ್ಲಿ ‘ಬ್ಯಾಂಗಲೋರ್ಡ್’ ಎಂಬ ಕ್ರಿಯಾಪದವೊಂದು ಅಮೆರಿಕದ ಇಂಗ್ಲಿಷಿನಲ್ಲಿ ಬಳಕೆಗೆ ಬಂದಿತು. ತನ್ನ ಕೆಲಸ ಭಾರತಕ್ಕೆ ಹೋಗಿ ತಾನು ನಿರುದ್ಯೋಗಿಯಾದನೆಂದು ಅದರ ಅರ್ಥ. ಒಂದೂರಿನ ಹೆಸರು ನಾಮಪದದಿಂದ ಕ್ರಿಯಾಪದವಾದುದನ್ನು ಕಂಡು ವ್ಯಾಕರಣದ ಉಪಾಧ್ಯಾಯನಾದ ನನಗೆ ಸೋಜಿಗವಾಯಿತು. ಅದರ ಹಿಂದೆ ಬೇರೊಬ್ಬನ ಕಣ್ಣೀರಿದೆಯೆಂದು ತಿಳಿದಾಗ ಖೇದವೂ ಆಯಿತು.

ಈಗ ಹಣದ ಮಾತು. ಇಂದು ದೇಶದ ಸಾಫ್ಟ್‌ವೇರ್ ರಫ್ತಿನಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿದುದು ಕರ್ನಾಟಕದ್ದು. ಅದರಲ್ಲಿ ಬಹುಪಾಲು ಬೆಂಗಳೂರಿನದು. ರಾಜ್ಯದ ಒಟ್ಟು ಉತ್ಪನ್ನದಲ್ಲಿಯೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಒಬ್ಬ ಇಂಜಿನಿಯರನ ಸಂಬಳವು ಅವನೊಬ್ಬನಲ್ಲಿಯೇ ನಿಲ್ಲುವುದಿಲ್ಲ. ಅವನಿಗೆ ಅಡುಗೆ ಮಾಡುವವಳು, ಮನೆ ಗುಡಿಸುವವಳು, ಕಾರು ನಡೆಸುವವನು, ಬಾಗಿಲು ಕಾಯುವವನು, ಊಟದ ಪೊಟ್ಟಣವನ್ನು ಮೋಟಾರ್ ಸೈಕಲ್ಲಿನ ಮೇಲೆ ತರುವವನು, ಅವನ ಮನೆಗೆ ಗೋಡೆ ಕಟ್ಟುವವನು ಇವರೆಲ್ಲರಿಗೂ ಅದರಿಂದಲೇ ಅನ್ನ. ಕಾಲುವೆಯ ನೀರು ಹೊಲಕ್ಕೆ ಹೋಗುವಾಗ ಬದುವಿನ ಹುಲ್ಲಿಗೂ ತೇವ ತಗಲುವಂತೆ ಇದು. ಆದರೆ ಬದುವಿನ ಹುಲ್ಲಿಗೆ ದೊರೆಯುವುದು ತೇವ ಮಾತ್ರ, ಹೊಲದ ಪಾಲಲ್ಲ. ಆ ಕಾವಲುಗಾರನ ಸಂಬಳಕ್ಕೂ ಒಳಗೆ ಕುಳಿತವನ ಸಂಬಳಕ್ಕೂ ಇರುವ ಅಂತರವನ್ನು ಕೇಳಿದರೆ ನಿಮಗೇ ತಿಳಿಯುತ್ತದೆ.

ಹಣ ಹೆಚ್ಚಾದಲ್ಲಿ ಮೊದಲು ಬೆಲೆಯೇರುವುದು ನೆಲಕ್ಕೆ. ನೆಲವನ್ನು ಯಾರೂ ತಯಾರಿಸಲಾರರಷ್ಟೆ. ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ರಾಗಿ, ತರಕಾರಿ, ಹೂವು, ದ್ರಾಕ್ಷಿ ಬೆಳೆಯುತ್ತಿದ್ದವರು ಹೊಲ ಮಾರಿದರು. ಅಮೆರಿಕದ ಸಿಲಿಕಾನ್ ಕಣಿವೆಯಲ್ಲಿಯೂ ಗಣಕೋದ್ಯಮ ಬರುವ ಮೊದಲು ಹಣ್ಣಿನ ತೋಟಗಳಿದ್ದವು. ದೇವನಹಳ್ಳಿಯ ಚಕ್ಕೋತವು ಒಂದು ಕಾಲದಲ್ಲಿ ಮನೆಮಾತು. ೨೦೦೮ರಲ್ಲಿ ಅಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಣ ತೋಟದ ನೆಲಕ್ಕೆ ಬಂಗಾರದ ಬೆಲೆ ಬಂದಿತು. ಕೆಲವರು ಹಣವನ್ನು ಜಾಣತನದಿಂದ ಬಳಸಿ ಬಾಡಿಗೆ ಮನೆಗಳನ್ನು ಕಟ್ಟಿಸಿ ಸುಖವಾಗಿದ್ದಾರೆ. ಕೆಲವರು ಕಾರು ಕೊಂಡು, ಮದುವೆ ಮಾಡಿ, ಹಣ ಕರಗಿದ ಮೇಲೆ ತಮ್ಮದೇ ಹೊಲದಲ್ಲಿ ಎದ್ದ ಕಟ್ಟಡಕ್ಕೆ ಕಾವಲು ನಿಂತಿದ್ದಾರೆ. ಪರಿಹಾರದ ಹಣ ಎಷ್ಟು ಬೇಗ ಕರಗುತ್ತದೆಂಬುದನ್ನು ಆಲಮಟ್ಟಿಯ ಸುತ್ತಲಿನವರು ಬಲ್ಲರು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ವಿಮಾನೋದ್ಯಮಕ್ಕಾಗಿ ಕೇಳಿದ ಭೂಮಿಯನ್ನು ಕೊಡಲೊಪ್ಪದೆ ಮೂರು ವರುಷಕ್ಕೂ ಮೇಲ್ಪಟ್ಟು ಧರಣಿ ಕುಳಿತರು. ೨೦೨೫ರ ಜುಲೈಯಲ್ಲಿ ಸರಕಾರವು ೧,೭೭೭ ಎಕರೆಗಳ ಆ ಭೂಸ್ವಾಧೀನವನ್ನು ಕೈಬಿಟ್ಟಿತು. ಉದ್ಯಮವೂ ಬೇಕು, ಹೊಲವೂ ಬೇಕು ಎಂಬ ಈ ತೊಡಕು ಸುಲಭವಾಗಿ ಬಿಡಿಸತಕ್ಕುದಲ್ಲ.

ನೆಲದ ಹಿಂದೆಯೇ ನೀರು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದ ದಿಬ್ಬದ ಮೇಲಿರುವ ಊರು. ಅಲ್ಲಿ ದೊಡ್ಡ ನದಿಯಿಲ್ಲ. ಹಿಂದಿನವರು ಕೆರೆ ಕಟ್ಟಿ ಬದುಕಿದರು. ಇಂದು ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಹಂತಹಂತವಾಗಿ ಎತ್ತಿ ತರಬೇಕಾಗಿದೆ. ೧೯೪೧ರಲ್ಲಿ ಸುಮಾರು ೪ ಲಕ್ಷವಿದ್ದ ಜನಸಂಖ್ಯೆ ೨೦೧೧ರಲ್ಲಿ ೮೪ ಲಕ್ಷವಾಯಿತು. ಕೆರೆಗಳು ಬಡಾವಣೆಗಳಾದವು, ಉಳಿದುವುಗಳಿಗೆ ಕೊಳಚೆ ಹರಿಯಿತು. ಬೆಳ್ಳಂದೂರು ಕೆರೆಯು ನೊರೆಯುಕ್ಕಿಸಿದುದನ್ನೂ, ನೀರ ಮೇಲೆ ಬೆಂಕಿ ಹತ್ತಿದುದನ್ನೂ ಪತ್ರಿಕೆಗಳಲ್ಲಿ ನೀವು ಓದಿದ್ದೀರಿ. ೨೦೨೨ರ ಸೆಪ್ಟೆಂಬರಿನಲ್ಲಿ ಮಳೆ ಸುರಿದಾಗ ನೀರಿಗೆ ಹೋಗಲು ದಾರಿಯಿಲ್ಲದೆ ಹೊರವರ್ತುಲ ರಸ್ತೆಯೇ ಹೊಳೆಯಾಯಿತು. ಗಣಕತಜ್ಞರು ಟ್ರಾಕ್ಟರಿನ ಮೇಲೆ ನಿಂತು ಕಚೇರಿಗೆ ಹೋದರು. ಒಂದೂವರೆ ವರುಷ ಕಳೆದು ೨೦೨೪ರ ಬೇಸಿಗೆಯಲ್ಲಿ ಅದೇ ನಗರದಲ್ಲಿ ಕುಡಿಯುವ ನೀರಿಗೆ ಹಾಹಾಕಾರ. ಆ ವರುಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ನೀರು ಬಂದಿತು. ಹೊಳೆಯ ದಂಡೆಯಲ್ಲಿದ್ದು ಬರವನ್ನೂ ನೆರೆಯನ್ನೂ ಕಂಡ ನಮಗೆ, ಹೊಳೆಯಿಲ್ಲದೆ ಇವೆರಡನ್ನೂ ಕಾಣಬಹುದೆಂದು ಬೆಂಗಳೂರು ತೋರಿಸಿಕೊಟ್ಟಿತು.

ಇನ್ನು ಸಂಸ್ಕೃತಿಯ ಮಾತು. ಬೆಂಗಳೂರಿನಲ್ಲಿ ಹಲವು ಭಾಷೆಗಳಿರುವುದು ಸಾಫ್ಟ್‌ವೇರಿನಿಂದಲೇ ಎಂದು ಹೇಳುವುದು ತಪ್ಪು. ೧೮೦೯ರಲ್ಲಿ ಇಂಗ್ಲಿಷರು ದಂಡುಪ್ರದೇಶವನ್ನು ಸ್ಥಾಪಿಸಿದಂದಿನಿಂದ ಅಲ್ಲಿ ಪೇಟೆ ಬೇರೆ, ದಂಡು ಬೇರೆ. ಇವೆರಡೂ ಒಂದು ಕಾರ್ಪೊರೇಷನ್ ಆದುದು ೧೯೪೯ರಲ್ಲಿ. ಆದರೂ ಹಿಂದಿನ ಕಾರಖಾನೆಗೂ ಇಂದಿನ ಗಣಕೋದ್ಯಮಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಎಚ್.ಎಂ.ಟಿ., ಐ.ಟಿ.ಐ., ಎಚ್.ಎ.ಎಲ್.ಗಳಂತಹ ಕಾರಖಾನೆಗಳಿಗೆ ಎಸ್.ಎಸ್.ಎಲ್.ಸಿ. ಓದಿ ಕೈಕೆಲಸ ಕಲಿತ ಹುಡುಗನೂ ಬೇಕಾಗಿದ್ದನು. ಅವನು ಕೋಲಾರದಿಂದಲೋ ತುಮಕೂರಿನಿಂದಲೋ ಬಂದು, ಕಾರಖಾನೆಯ ಕಾಲೊನಿಯಲ್ಲಿ ಮನೆ ಪಡೆದು, ಮಕ್ಕಳನ್ನು ಓದಿಸಿ, ಸಂಜೆ ಕಾರಖಾನೆಯ ಕನ್ನಡ ಸಂಘದಲ್ಲಿ ನಾಟಕವಾಡುತ್ತಿದ್ದನು. ರಾಜ್ಯೋತ್ಸವದಂದು ಸಾಹಿತಿಗಳನ್ನು ಕರೆಯಿಸಿ ಭಾಷಣ ಮಾಡಿಸುತ್ತಿದ್ದನು. ಯಂತ್ರದ ಕೆಲಸವೂ ಕನ್ನಡದ ಕೆಲಸವೂ ಒಂದೇ ಕೈಯಲ್ಲಿದ್ದವು.

ಗಣಕೋದ್ಯಮದ ಬಾಗಿಲು ಪದವಿಯಿಂದಲೂ ಇಂಗ್ಲಿಷಿನಿಂದಲೂ ತೆರೆಯುತ್ತದೆ. ಅದರ ಗಿರಾಕಿ ಪರದೇಶದವನು; ಅದರ ನೌಕರ ಭಾರತದ ಯಾವ ಮೂಲೆಯವನಾದರೂ ಆದೀತು. ಎರಡು ವರುಷ ಇಲ್ಲಿ, ಎರಡು ವರುಷ ಹೈದರಾಬಾದಿನಲ್ಲಿ, ಆಮೇಲೆ ಅಮೆರಿಕದಲ್ಲಿ ಎಂದು ಅಲೆಯುವವನಿಗೆ ಊರಿನ ನುಡಿಯನ್ನು ಕಲಿಯುವ ಅಗತ್ಯ ತೋರದು. ಅಂಗಡಿಯವನೇ ಅವನ ನುಡಿಯನ್ನು ಕಲಿಯುತ್ತಾನೆ. ಏಕೆಂದರೆ ಹಣ ಯಾರ ಕೈಯಲ್ಲಿದೆಯೋ ಅವನ ನುಡಿಗೆ ಬಜಾರು ತಲೆಬಾಗುತ್ತದೆ. ೨೦೧೧ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು ನೂರಕ್ಕೆ ಐವತ್ತಕ್ಕಿಂತಲೂ ಕಡಿಮೆ. ಸ್ಥಳೀಯರಿಗೆ ಉದ್ಯೋಗ ದೊರೆಯಬೇಕೆಂಬ ಕೂಗು ಹಳೆಯದು. ಧಾರವಾಡದವರಾದ ಸರೋಜಿನಿ ಮಹಿಷಿಯವರ ಸಮಿತಿ ೧೯೮೦ರ ದಶಕದಲ್ಲಿಯೇ ಆ ಬಗ್ಗೆ ವರದಿ ಕೊಟ್ಟಿತು. ೨೦೨೪ರ ಜುಲೈಯಲ್ಲಿ ಸ್ಥಳೀಯರಿಗೆ ಆಡಳಿತದ ಹುದ್ದೆಗಳಲ್ಲಿ ನೂರಕ್ಕೆ ೫೦, ಉಳಿದುವುಗಳಲ್ಲಿ ನೂರಕ್ಕೆ ೭೦ ಮೀಸಲಿಡುವ ಮಸೂದೆಗೆ ಮಂತ್ರಿಮಂಡಲ ಒಪ್ಪಿಗೆಯಿತ್ತಿತು. ಉದ್ಯಮಪತಿಗಳು ಆಕ್ಷೇಪಿಸಲು ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಅಂಗಡಿಯ ಹಲಗೆಯ ಮೇಲೆ ನೂರಕ್ಕೆ ೬೦ ಪಾಲು ಕನ್ನಡವಿರಬೇಕೆಂಬ ಕಾನೂನು ಮಾತ್ರ ಅದೇ ವರುಷ ಬಂದಿತು. ಹಲಗೆಯ ಮೇಲೆ ಕನ್ನಡ ಬಂದುದು ಸಂತೋಷವೇ. ಅಂಗಡಿಯ ಒಳಗೂ ಅದು ಬರಬೇಕಾದರೆ ಕಾನೂನಿಗಿಂತ ಹೆಚ್ಚಿನದು ಬೇಕು.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕನ್ನಡವನ್ನು ಗಣಕಕ್ಕೆ ಕಲಿಸಿದವರೂ ಕನ್ನಡಿಗರೇ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ನಮ್ಮ ಕಾಗುಣಿತದ ತರ್ಕವನ್ನೇ ಅನುಸರಿಸುತ್ತದೆ. ವ್ಯಂಜನವನ್ನೊತ್ತಿ ಸ್ವರವನ್ನು ಕೂಡಿಸಿದರೆ ಗುಣಿತಾಕ್ಷರ ತಾನಾಗಿ ಮೂಡುತ್ತದೆ. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನವರು ‘ನುಡಿ’ಯನ್ನು ಕೊಟ್ಟರು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ನಮ್ಮ ‘ಕ’ಕಾರಕ್ಕೆ ೩೨೨೧ ಎಂಬ ಸಂಖ್ಯೆಯಿದೆ, ಟೋಕಿಯೋದಲ್ಲಿಯೂ ಆಲಮಟ್ಟಿಯಲ್ಲಿಯೂ ಆ ಸಂಖ್ಯೆಗೆ ಅದೇ ಅಕ್ಷರ. ಇಂದು ನಮ್ಮ ಹುಡುಗಿಯರು ಅಂಗೈಯಗಲದ ಫೋನಿನಲ್ಲಿ ತಮ್ಮವ್ವನಿಗೆ ಕನ್ನಡದಲ್ಲಿ ಪತ್ರ ಬರೆಯಬಲ್ಲರು. ಯಂತ್ರಕ್ಕೆ ಯಾವ ನುಡಿಯ ಮೇಲೂ ದ್ವೇಷವಿಲ್ಲ, ಪ್ರೀತಿಯೂ ಇಲ್ಲ. ಕಲಿಸುವವರಿದ್ದರೆ ಅದು ಕಲಿಯುತ್ತದೆ. ಈ ಕೆಲಸದಲ್ಲಿ ಕಲಿಸಿದವರಿಗೆ ಮೊದಲ ಬಂಡವಾಳ ನುಡಿಯ ಮೇಲಿನ ಪ್ರೀತಿ.

ಇನ್ನು ನಮ್ಮ ಊರುಗಳ ಮಾತಿಗೆ ಬರೋಣ. ನಮ್ಮ ಭಾಗದಿಂದ ಬೆಂಗಳೂರಿಗೆ ಹೋಗುವವರಲ್ಲಿ ಎರಡು ಬಗೆ. ಒಬ್ಬನು ಪದವಿಯ ಕಾಗದ ಹಿಡಿದು ಹೋಗುತ್ತಾನೆ. ಅದಕ್ಕೆ ‘ನೌಕರಿಗೆ ಹೋದ’ ಎನ್ನುತ್ತೇವೆ. ಇನ್ನೊಬ್ಬನು ಹೆಂಡತಿ ಮಕ್ಕಳೊಡನೆ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಾನೆ. ಅದಕ್ಕೆ ‘ಗುಳೆ ಹೋದ’ ಎನ್ನುತ್ತೇವೆ. ಮೊದಲನೆಯವನು ಕುಳಿತುಕೊಳ್ಳುವ ಕಟ್ಟಡವನ್ನು ಎರಡನೆಯವನು ಕಟ್ಟುತ್ತಾನೆ. ೨೦೨೦ರಲ್ಲಿ ಕೊರೋನಾ ರೋಗ ಬಂದು ಊರೆಲ್ಲ ಬಾಗಿಲಿಕ್ಕಿದಾಗ ಇಬ್ಬರೂ ಮರಳಿ ಬಂದರು. ಒಬ್ಬನು ಮಾಳಿಗೆಯ ಮೇಲೆ ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆಯಿಂದಲೇ ಕೆಲಸ ಮಾಡಿದನು. ತಿಂಗಳ ಸಂಬಳ ಬಂದಿತು. ಇನ್ನೊಬ್ಬನು ಉದ್ಯೋಗ ಖಾತರಿಯ ಕೆಲಸಕ್ಕಾಗಿ ಪಂಚಾಯತಿಯ ಮುಂದೆ ಕುಳಿತನು. ಇವರಿಬ್ಬರೂ ನನ್ನ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದಿದವರಾಗಿದ್ದರು. ಅವರ ಬುದ್ಧಿಯಲ್ಲಿ ಅಷ್ಟು ಅಂತರವಿರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಹತ್ತನೆಯ ತರಗತಿಯ ವರುಷ ಒಬ್ಬನ ತಂದೆಗೆ ಬೆಳೆ ಬಂದಿದ್ದಿತು, ಇನ್ನೊಬ್ಬನ ತಂದೆಗೆ ಬಂದಿರಲಿಲ್ಲ, ಅಷ್ಟೇ.

ಡಾಕ್ಟರ್ ಡಿ.ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಕೊಟ್ಟ ವರದಿಯಲ್ಲಿ ಆಗಿನ ೧೭೫ ತಾಲೂಕುಗಳಲ್ಲಿ ೧೧೪ ಹಿಂದುಳಿದುವೆಂದು ಹೇಳಿತು. ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ತಾಲೂಕುಗಳೂ ಇವೆ. ನಾಡಿನ ಹಣ, ನಾಡಿನ ವಿದ್ಯುತ್ತು, ನಾಡಿನ ಚುರುಕು ಮಕ್ಕಳು ಎಲ್ಲವೂ ಒಂದೇ ಊರಿಗೆ ಹರಿದರೆ ಉಳಿದ ಊರುಗಳು ಒಣಗುವುವು. ಆ ಊರೂ ಮುಳುಗುವುದು. ಆಲಮಟ್ಟಿಯ ವಿದ್ಯುತ್ತು ರಾಜ್ಯದ ಜಾಲಕ್ಕೆ ಸೇರುತ್ತದೆ. ಅದರಲ್ಲಿ ಎಷ್ಟು ಬೆಂಗಳೂರಿನ ಗಣಕಗಳನ್ನು ನಡೆಸಿತು, ಎಷ್ಟು ನಮ್ಮ ಪಂಪುಸೆಟ್ಟುಗಳನ್ನು ನಡೆಸಿತು ಎಂದು ಬೇರ್ಪಡಿಸಲಾಗದು. ಆದರೆ ಆ ಜಾಲಕ್ಕೆ ನಮ್ಮ ಪಾಲೂ ಸೇರಿದೆಯೆಂಬುದು ನಿಶ್ಚಯ. ಕಾಯಕದ ಜತೆಗೆ ದಾಸೋಹವನ್ನೂ ಹೇಳಿದ ಮಹಾನುಭಾವರು ನಮ್ಮ ಬಾಗೇವಾಡಿಯಲ್ಲಿಯೇ ಹುಟ್ಟಿದರು. ದುಡಿದುದರಲ್ಲಿ ಪಾಲು ಹಂಚಿಕೊಳ್ಳಬೇಕೆಂಬ ಆ ಮಾತು ಮನೆಗೆ ಹೇಗೋ ನಾಡಿಗೂ ಹಾಗೆಯೇ.

ಒಂದೇ ಉದ್ಯಮವನ್ನು ನಂಬಿದ ಊರಿನ ಗತಿಯನ್ನು ನೋಡಲು ದೂರ ಹೋಗಬೇಕಾಗಿಲ್ಲ. ೧೯೦೨ರಲ್ಲಿಯೇ ವಿದ್ಯುತ್ತು ಕಂಡ ಕೋಲಾರದ ಚಿನ್ನದ ಗಣಿ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಆ ಊರಿನ ಜನ ಇಂದು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಬರುತ್ತಾರೆ. ದೇಶಕ್ಕೆಲ್ಲ ಸಮಯ ತೋರಿದ ಎಚ್.ಎಂ.ಟಿ. ಗಡಿಯಾರದ ಕಾರಖಾನೆಯೂ ೨೦೧೬ರಲ್ಲಿ ನಿಂತಿತು. ಅಮೆರಿಕದ ಮೋಟಾರು ನಗರವಾದ ಡೆಟ್ರಾಯಿಟ್ ೧೯೫೦ರಲ್ಲಿ ಸುಮಾರು ೧೮ ಲಕ್ಷ ಜನರ ಊರಾಗಿದ್ದುದು ೨೦೨೦ರಲ್ಲಿ ಸುಮಾರು ೬ ಲಕ್ಷಕ್ಕಿಳಿದಿತ್ತು. ೨೦೧೩ರಲ್ಲಿ ಆ ನಗರಸಭೆ ದಿವಾಳಿಯೆಂದು ಹೇಳಿಕೊಂಡಿತು. ಈಗ ಕೃತಕ ಬುದ್ಧಿಯ ಯಂತ್ರಗಳು ಬಂದು, ಹೊಸದಾಗಿ ಸೇರಿದ ಇಂಜಿನಿಯರರು ಮಾಡುತ್ತಿದ್ದ ಸಣ್ಣಪುಟ್ಟ ಬರವಣಿಗೆಯನ್ನು ತಾವೇ ಮಾಡತೊಡಗಿವೆ. ೨೦೨೩ರಿಂದೀಚೆಗೆ ದೊಡ್ಡ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವ ವೇಗ ಮೊದಲಿನಂತಿಲ್ಲ. ಬೆಂಗಳೂರು ಒಣಗುತ್ತದೆಂದು ನಾನು ಹೇಳುವುದಿಲ್ಲ. ಅಲ್ಲಿ ವಿದ್ಯೆಯ ಬೇರು ಆಳವಾಗಿದೆ. ಆದರೆ ಹೊಳೆಗೆ ಏರಿದ್ದಂತೆ ಇಳಿತವೂ ಉಂಟೆಂಬುದನ್ನು ಹೊಳೆಯ ದಂಡೆಯವರಾದ ನಾವು ಮರೆಯಲಾಗದು.

ಎಂಟು ದಿನಗಳ ಮೇಲೆ ಆ ರೈತರು ಮತ್ತೆ ಬಂದರು. ನಾನು ಅವರಿಗೆ ಹೇಳಿದುದಿಷ್ಟು. “ಹುಡುಗನನ್ನು ಓದಿಸಿರಿ, ಹೊಲವನ್ನು ಮಾತ್ರ ಮಾರಬೇಡಿರಿ. ಸಿ.ಇ.ಟಿ.ಯಲ್ಲಿ ಹಳ್ಳಿಯಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೂ ಮೀಸಲು ಸ್ಥಾನಗಳಿವೆ. ನಿಮ್ಮ ಮಗನಿಗೆ ಎರಡೂ ಸಲ್ಲುತ್ತವೆ. ಸರಕಾರಿ ಕಾಲೇಜಿನಲ್ಲಿ ಸ್ಥಾನ ಸಿಕ್ಕರೆ ಶುಲ್ಕ ಕಡಿಮೆ. ಬೆಂಗಳೂರಿನಲ್ಲಿಯೇ ಓದಿದರೆ ಮಾತ್ರ ವಿದ್ಯೆಯೆಂಬುದು ಭ್ರಮೆ. ಅವನು ಗಣಿತವನ್ನು ಬೇರಿನಿಂದ ಕಲಿಯಲಿ, ಇಂಗ್ಲಿಷನ್ನು ಹೆದರದೆ ಕಲಿಯಲಿ, ಕನ್ನಡವನ್ನು ನಾಚದೆ ಇಟ್ಟುಕೊಳ್ಳಲಿ. ಉದ್ಯಮ ಬದಲಾದರೂ ಇವು ಮೂರೂ ಕೈಬಿಡುವುದಿಲ್ಲ. ಒಂದು ಸಲ ನೀರಿಗೆ ಹೋದ ಹೊಲ ತಿರುಗಿ ಬರಲಿಲ್ಲ. ಈ ಸಲ ನೀವಾಗಿಯೇ ಅದನ್ನು ಕಳೆದುಕೊಳ್ಳಬೇಡಿರಿ.”

ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, “ಹುಡುಗ ಒಪ್ಪಬೇಕಲ್ಲರಿ” ಎಂದರು. ಹುಡುಗನು ಒಪ್ಪಲು ಒಂದು ತಿಂಗಳು ಹಿಡಿಯಿತು. ಅವನ ಗೆಳೆಯರು ಬೆಂಗಳೂರಿಗೆ ಹೋದುದನ್ನು ಕಂಡು ಅವನು ನನ್ನೊಡನೆ ಕೆಲವು ದಿನ ಮಾತನಾಡಲಿಲ್ಲ. ಕೊನೆಗೆ ನಮ್ಮ ಭಾಗದ ಸರಕಾರಿ ಕಾಲೇಜೊಂದರಲ್ಲಿ ಅವನಿಗೆ ಸ್ಥಾನ ದೊರೆಯಿತು. ನಾನು ಕೊಟ್ಟ ಸಲಹೆ ಸರಿಯೋ ತಪ್ಪೋ ಎಂಬುದು ನಾಲ್ಕು ವರುಷಗಳ ಮೇಲೆ ತಿಳಿಯತಕ್ಕುದು; ಆ ಹೊಣೆಯನ್ನು ನಾನು ಹೊತ್ತಿದ್ದೇನೆ. ಈ ದೀಪಾವಳಿಗೆ ಬಂದವನು ತಂದೆಯ ಫೋನಿನಲ್ಲಿ ಕನ್ನಡದ ಕೀಲಿಮಣೆಯನ್ನು ಹಾಕಿಕೊಟ್ಟು, ತೊಗರಿಯ ಧಾರಣೆಯನ್ನು ನೋಡುವುದು ಹೇಗೆಂದು ಕಲಿಸಿ ಹೋದನಂತೆ. ನಾಲ್ಕು ಎಕರೆಯಲ್ಲಿಯೂ ಈಗ ತೊಗರಿ ನಿಂತಿದೆ.

ವಾಚಕರೇ, ನಿಮ್ಮ ಮನೆಯಲ್ಲಿಯೂ ಇಂತಹ ಪ್ರಶ್ನೆ ಎದ್ದಿರಬಹುದು, ಇಲ್ಲವೇ ನಾಳೆ ಏಳಬಹುದು. ಆಗ ‘ಬೆಂಗಳೂರು’ ಎಂಬ ಹೆಸರಿನ ಬೆಳಕಿಗೆ ಕಣ್ಣು ಕೋರೈಸದಂತೆ, ಆ ಬೆಳಕು ಎಲ್ಲಿಂದ ಬಂದಿತು, ಯಾರ ಮೇಲೆ ಬಿದ್ದಿತು, ಯಾರನ್ನು ಕತ್ತಲೆಯಲ್ಲಿ ಬಿಟ್ಟಿತು ಎಂಬುದನ್ನು ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಾತನಾಡಿರಿ. ನಿರ್ಧಾರವನ್ನು ಆಮೇಲೆ ಮಾಡಬಹುದು.